ಹೊಗಳಿಕೆ ಬೇಡ, ಕೆಲಸ ಹೇಳಿ: ನರ್ಸ್ ಇರುವುದರಿಂದ ನಿಜಕ್ಕೂ ಏನು ಬದಲಾಗುತ್ತದೆ?

ತುಂಗಾತೀರ (ಚರ್ಚೆ ಶುರು ಮಾಡಿದವರು)
ಮೇ 12ರ ದಾದಿಯರ ದಿನಕ್ಕೆ ನಮ್ಮೂರ ಗ್ರಂಥಾಲಯದಲ್ಲಿ ಗೋಡೆಪತ್ರಿಕೆ ಮಾಡುತ್ತಿದ್ದೇವೆ. ಬಂದ ಬರಹಗಳೆಲ್ಲ ಒಂದೇ ಥರ: ಬಿಳಿ ಉಡುಪಿನ ದೇವತೆ, ತಾಯಿಯ ಮಮತೆ, ದೀಪ ಹಿಡಿದ ಮಹಿಳೆ. ಇದನ್ನು ಓದಿದವರಿಗೆ ನರ್ಸ್ ಏನು ಮಾಡುತ್ತಾರೆ ಅನ್ನುವುದು ಚೂರೂ ತಿಳಿಯುವುದಿಲ್ಲ. ಡಾಕ್ಟರ್ ಬರೆದದ್ದನ್ನು ಕೊಡುವವರು, ಸೂಜಿ ಚುಚ್ಚುವವರು ಅನ್ನುವಲ್ಲಿಗೇ ಜನರ ತಿಳಿವಳಿಕೆ ನಿಂತಿದೆ.

ಈ ಕೆಲಸ ಬಲ್ಲವರು ಇಲ್ಲಿ ಬಹಳ ಜನ ಇದ್ದೀರಿ. ಯಾವ ಕೆಲಸ, ಎಷ್ಟು ಪ್ರಮಾಣ, ಯಾವ ಹೊತ್ತಿಗೆ, ತಪ್ಪಿದರೆ ಏನಾಗುತ್ತದೆ, ಇಷ್ಟು ಹೇಳಿ. ದೊಡ್ಡಾಸ್ಪತ್ರೆಯ ವಾರ್ಡ್ ಆದರೂ ಸರಿ, ಹಳ್ಳಿಯ ಉಪಕೇಂದ್ರ ಆದರೂ ಸರಿ.

ಉಪಕೇಂದ್ರದ ಕಟ್ಟೆ
ಗುರುವಾರದ ಲಸಿಕೆಯಿಂದ ಶುರು ಮಾಡೋಣ. ಜನರ ಕಣ್ಣಿಗೆ ಬೀಳೋದು ಚುಚ್ಚುವ ಎರಡು ಸೆಕೆಂಡ್ ಮಾತ್ರ. ಅದರ ಹಿಂದಿನ ಕೆಲಸ ನೋಡಿ.

ಪಿಎಚ್‌ಸಿಯ ಲಸಿಕೆ ಫ್ರಿಜ್ (ಐಎಲ್‌ಆರ್) 2ರಿಂದ 8 ಡಿಗ್ರಿ ಒಳಗೇ ಇರಬೇಕು, ದಿನಕ್ಕೆ ಎರಡು ಸಲ ನೋಡಿ ಬರೆಯಬೇಕು. ಹಳ್ಳಿಗೆ ಒಯ್ಯುವ ಕ್ಯಾರಿಯರ್‌ಗೆ ನಾಲ್ಕು ಐಸ್‌ಪ್ಯಾಕ್, ನಡುವೆ ಜಿಪ್ ಕವರಿನಲ್ಲಿ ಲಸಿಕೆಯ ಪುಟ್ಟ ಶೀಸೆಗಳು, ಅಂದರೆ ವಯಲ್‌ಗಳು. ಪ್ರತಿ ವಯಲ್ ಮೇಲೂ ವಿವಿಎಂ ಅಂತ ಒಂದು ಗುರುತಿರುತ್ತೆ: ವೃತ್ತ, ಅದರೊಳಗೊಂದು ಚೌಕ. ಚೌಕದ ಬಣ್ಣ ವೃತ್ತಕ್ಕಿಂತ ತಿಳಿಯಾಗಿದ್ದರೆ ಬಳಸಬಹುದು. ಎರಡೂ ಒಂದೇ ಬಣ್ಣ ಆಯ್ತು, ಇಲ್ಲ ಚೌಕವೇ ಕಪ್ಪಾಯ್ತು ಅಂದರೆ ಆ ವಯಲ್ ಬೇಡ.

ಬಿಸಿಜಿ (ಕ್ಷಯದ್ದು), ದಡಾರ-ರುಬೆಲ್ಲಾ, ಜೀವಂತ ಜೆಇ (ಮಿದುಳು ಜ್ವರದ್ದು) ಪುಡಿ ರೂಪದಲ್ಲಿ ಬರುವ ಲಸಿಕೆಗಳು. ಪುಡಿ ಯಾವ ಕಂಪನಿಯದೋ ಬೆರೆಸುವ ದ್ರಾವಣವೂ ಅದೇ ಕಂಪನಿಯದಾಗಿರಬೇಕು, ಅದೂ ಫ್ರಿಜ್‌ನಲ್ಲಿ 24 ಗಂಟೆ ಇದ್ದಿರಬೇಕು. ಬೆರೆಸಿದ ಹೊತ್ತನ್ನು ವಯಲ್ ಮೇಲೆ ಬರೆಯಬೇಕು. 4 ಗಂಟೆ ದಾಟಿತೋ, ಎಷ್ಟು ಡೋಸ್ ಉಳಿದಿದ್ದರೂ ತೆಗೆದುಹಾಕಬೇಕು. ಪೆಂಟಾ (ಐದು ರೋಗಗಳಿಗೆ ಒಂದೇ ಲಸಿಕೆ), ಟಿಡಿ (ಧನುರ್ವಾಯು-ಗಂಟಲಮಾರಿ), ಪಿಸಿವಿ (ನ್ಯುಮೋನಿಯಾ) ಹಾಗಲ್ಲ. ತೆರೆದ ದಿನಾಂಕ ಬರೆದಿಟ್ಟು, ಶೀತ ಕೆಡದಂತೆ ಕಾಪಾಡಿದರೆ 28 ದಿನ ಬಳಸಬಹುದು. ಯಾವುದು ಯಾವ ಗುಂಪು ಅನ್ನೋದು ಬಾಯಿಪಾಠ ಇರಬೇಕು.

ಇನ್ನು ಜಾಗ. ಬಿಸಿಜಿ ಎಡ ಮೇಲ್ತೋಳಿನ ಚರ್ಮದೊಳಗೆ, ಒಂದು ತಿಂಗಳೊಳಗಿನ ಕೂಸಿಗೆ 0.05 ಎಂಎಲ್, ಆಮೇಲಾದರೆ 0.1. ಪೆಂಟಾ ಎಡ ತೊಡೆಯ ಮುಂಬದಿ ಹೊರಭಾಗದ ಸ್ನಾಯುವಿಗೆ. ದಡಾರ-ರುಬೆಲ್ಲಾ ಬಲತೋಳಿನ ಚರ್ಮದ ಕೆಳಗೆ. ಇಷ್ಟೂ ಕೆಲಸ ಅಂಗನವಾಡಿ ಜಗಲಿಯ ಮೇಲೆ ಕೂತು, ಅಳುವ ಕೂಸುಗಳ ನಡುವೆ, ಒಬ್ಬರೇ ಮಾಡಬೇಕು.

ಅಡಿಕೆ ತೋಟ
ಐಸ್ ಜಾಸ್ತಿ ಇದ್ದಷ್ಟೂ ಒಳ್ಳೇದಲ್ವಾ? ಫ್ರೀಜರಿನಿಂದ ತೆಗೆದು ನೇರ ಕ್ಯಾರಿಯರ್‌ಗೆ ಹಾಕಿದ್ರೆ ಸಂಜೆವರೆಗೂ ತಂಪಾಗಿರುತ್ತೆ.

ಥರ್ಮಾಮೀಟರ್
ಇಲ್ಲ ಸರ್, ಲಸಿಕೆ ಹಾಳಾಗುವುದೇ ಅಲ್ಲಿ. ಡೀಪ್ ಫ್ರೀಜರಿನಿಂದ ಈಗಷ್ಟೇ ಬಂದ ಐಸ್‌ಪ್ಯಾಕ್ ಸೊನ್ನೆಗಿಂತ ಬಹಳ ಕೆಳಗಿರುತ್ತದೆ. ಅದಕ್ಕೆ ತಾಗಿಕೊಂಡ ಪೆಂಟಾ, ಹೆಪಟೈಟಿಸ್-ಬಿ, ಟಿಡಿ, ಪಿಸಿವಿ ಹೆಪ್ಪುಗಟ್ಟುತ್ತವೆ. ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದ ಮೇಲೆ ನೋಡಲು ಸರಿಯಾಗೇ ಕಾಣಬಹುದು, ಆದರೆ ಅದರ ಶಕ್ತಿ ಹೋಗಿರುತ್ತದೆ.

ಅದಕ್ಕೇ ಐಸ್‌ಪ್ಯಾಕ್ ಹೊರಗಿಟ್ಟು, ಮೈಮೇಲೆ ನೀರು ಬೆವರಿ, ಅಲುಗಿಸಿದರೆ ಒಳಗೆ ನೀರು ಕುಲುಕುವ ಸದ್ದು ಬರುವವರೆಗೆ ಕಾಯಬೇಕು. ಬೆಳಗ್ಗೆ ಆತುರದಲ್ಲಿ ಬಿಟ್ಟುಹೋಗುವ ಹೆಜ್ಜೆ ಇದೇ. ಇನ್ನೊಂದು ಮಾತು: ವಿವಿಎಂ ಶಾಖಕ್ಕೆ ಮಾತ್ರ ಬಣ್ಣ ಬದಲಿಸುತ್ತದೆ, ಹೆಪ್ಪುಗಟ್ಟಿದ್ದನ್ನು ತೋರಿಸುವುದಿಲ್ಲ. ಅನುಮಾನ ಬಂದರೆ ಅದೇ ಬ್ಯಾಚಿನ ಒಂದು ವಯಲನ್ನು ಬೇಕೆಂದೇ ಹೆಪ್ಪುಗಟ್ಟಿಸಿ ಕರಗಿಸಬೇಕು. ಆಮೇಲೆ ಎರಡನ್ನೂ ಒಟ್ಟಿಗೆ ಅಲುಗಿಸಿ ಅರ್ಧ ಗಂಟೆ ಇಟ್ಟು ನೋಡಬೇಕು. ಅನುಮಾನದ ವಯಲಿನಲ್ಲೂ ಗಸಿ ಅಷ್ಟೇ ಬೇಗ ತಳಕ್ಕಿಳಿದರೆ ಅದನ್ನು ಎಸೆಯಬೇಕು.

ಲೆಕ್ಕಪತ್ರ
4 ಗಂಟೆಯ ಮಾತು ಬಂತಲ್ಲ. 2022ರ ಜನವರಿಯಲ್ಲಿ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನಲ್ಲಿ ದಡಾರ-ರುಬೆಲ್ಲಾ ಲಸಿಕೆ ಹಾಕಿಸಿಕೊಂಡ ಮೂರು ಕೂಸುಗಳು ತೀರಿಕೊಂಡವು. ಸಿಬ್ಬಂದಿಯನ್ನು ಅಮಾನತು ಮಾಡಿದರು. ಇಂಥ ಕಡೆ ನರ್ಸ್ ಜವಾಬ್ದಾರಿ ಇಲ್ಲವೇ?

ಥರ್ಮಾಮೀಟರ್
ಇದೆ. ಆ ಲಸಿಕೆಯಲ್ಲಿ ಕ್ರಿಮಿ ಬೆಳೆಯದಂತೆ ತಡೆಯುವ ರಾಸಾಯನಿಕ ಇರುವುದಿಲ್ಲ. ಬೆರೆಸಿಟ್ಟ ವಯಲಿಗೆ ಸೂಜಿಯಿಂದ ಬ್ಯಾಕ್ಟೀರಿಯಾ ಹೊಕ್ಕರೆ ಗಂಟೆಗಳಲ್ಲಿ ವಿಷ ಉಂಟಾಗುತ್ತದೆ, ಅದು ಕೂಸಿನ ಜೀವವನ್ನೇ ತೆಗೆಯಬಹುದು. ಆದ್ದರಿಂದ ನಿಯಮದಲ್ಲಿ ಸಡಿಲಿಕೆಗೆ ಜಾಗವೇ ಇಲ್ಲ.

ಆದರೆ ಜವಾಬ್ದಾರಿ ಒಬ್ಬರ ತಲೆಗೆ ಕಟ್ಟಿ ಮುಗಿಸುವುದನ್ನು ನಾನು ಒಪ್ಪುವುದಿಲ್ಲ. ಉಳಿದ ಡೋಸ್ ಎಸೆದರೆ "ವೇಸ್ಟೇಜ್ ಯಾಕೆ ಜಾಸ್ತಿ?" ಅಂತ ಮೇಲಿನವರು ಕೇಳುವ ಕಡೆ, ಎಸೆಯುವ ಕೈ ಹಿಂಜರಿಯುತ್ತದೆ. ಕ್ಯಾರಿಯರ್ ತಂದುಕೊಡಲು, ಸಂಜೆ ವಾಪಸ್ ಒಯ್ಯಲು ಜನ ಇಲ್ಲದ ಕಡೆ, ಲಸಿಕೆ ಎಲ್ಲೆಲ್ಲೋ ಉಳಿಯುತ್ತದೆ. ಇಬ್ಬರೇ ಮಕ್ಕಳು ಬಂದರೂ ವಯಲ್ ತೆರೆಯಿರಿ, ಉಳಿದದ್ದು ಎಸೆಯಿರಿ, ಯಾರೂ ಪ್ರಶ್ನೆ ಕೇಳುವುದಿಲ್ಲ ಅಂತ ಲಿಖಿತವಾಗಿ ಇರಬೇಕು.

ಮಲಪ್ರಭಾ
ಹೆರಿಗಿ ಕೋಣಿ ಬಗ್ಗೆ ಯಾರೂ ಹೇಳವಲ್ರು, ನಾ ಹೇಳತೀನಿ ಕೇಳ್ರಿ. ಬಾಣಂತಿ ಸಾಯೋದ್ರಾಗ ದೊಡ್ಡ ಕಾರಣ ಹೆರಿಗಿ ಆದಮ್ಯಾಲಿನ ರಕ್ತಸ್ರಾವ. ಅದನ್ನ ತಡಿಯೋ ಕೆಲಸ ಬಹುತೇಕ ನರ್ಸ್ ಕೈಯಾಗ ಐತಿ.

ಕೂಸು ಹೊರಗ ಬಂತು, ಹೊಟ್ಟಿ ಮುಟ್ಟಿ ಇನ್ನೊಂದು ಕೂಸು ಇಲ್ಲ ಅಂತ ಖಾತ್ರಿ ಮಾಡ್ಕೊಂಡು, ಒಂದು ನಿಮಿಷದಾಗ ಗರ್ಭಕೋಶ ಗಟ್ಟಿ ಮಾಡೋ ಆಕ್ಸಿಟೋಸಿನ್ 10 ಯೂನಿಟ್ ತೊಡಿ ಸ್ನಾಯುವಿಗೆ. ಹೊಕ್ಕಳಬಳ್ಳಿ ಲಗೂನ ಕತ್ತರಿಸಬಾರ್ದು, ಒಂದರಿಂದ ಮೂರು ನಿಮಿಷ ಬಿಡಬೇಕು, ಅಷ್ಟರಾಗ ಕೂಸಿಗೆ ಇನ್ನಷ್ಟು ರಕ್ತ ಹೋಗತೈತಿ. ಆಮ್ಯಾಲೆ ಒಂದು ಕೈಲೆ ಗರ್ಭಕೋಶ ಮ್ಯಾಲಕ್ಕ ಒತ್ತಿ ಹಿಡದು, ಗರ್ಭಕೋಶ ಗಟ್ಟಿ ಆದಾಗಷ್ಟ ಇನ್ನೊಂದು ಕೈಲೆ ಬಳ್ಳಿ ನಿಧಾನ ಎಳದು ಮಾಸು ತಗೀಬೇಕು. ಮಾಸು ಪೂರ್ತಿ ಬಂದೈತೇನು ಅಂತ ತಿರುವಿ ನೋಡಬೇಕು. ಒಂದು ಚೂರು ಒಳಗುಳಿದ್ರ ರಕ್ತ ನಿಲ್ಲಂಗಿಲ್ಲ.

ಇಷ್ಟಕ್ಕ ಮುಗೀಲಿಲ್ಲ. ಮೊದಲ ಎರಡು ತಾಸು, 15 ನಿಮಿಷಕ್ಕೊಮ್ಮಿ ಗರ್ಭಕೋಶ ಮುಟ್ಟಿ ನೋಡಬೇಕು. ಮೆತ್ತಗಾಗಿದ್ರ ತಿಕ್ಕಬೇಕು. ಮೂತ್ರಚೀಲ ತುಂಬಿದ್ರ ಗರ್ಭಕೋಶ ಸಂಕುಚಿತ ಆಗಂಗಿಲ್ಲ, ಅದಕ್ಕ ಮೊದಲ ಉಚ್ಚಿ ಮಾಡಸ್ರಿ. ಎಷ್ಟೋ ಕಡಿ ಮರಿಯೋದು ಇದನ್ನ.

ವಾರ್ಡ್ ಪಾಳಿ
@ಮಲಪ್ರಭಾ ಅಕ್ಕಾ, ಎಲ್ಲಾ ಸರಿ. ಎರಡು ಸೇರಿಸ್ತೀನಿ. ಆಕ್ಸಿಟೋಸಿನ್ ಕೂಡ 2ರಿಂದ 8 ಡಿಗ್ರಿಯಲ್ಲಿ ಇರಬೇಕಾದ ಔಷಧಿ. ಟ್ರೇನಲ್ಲಿ ವಾರಗಟ್ಟಲೆ ಬಿದ್ದ ಆಂಪೂಲ್ (ಔಷಧಿಯ ಗಾಜಿನ ಶೀಸೆ) ಬಿಸಿಗೆ ಶಕ್ತಿ ಕಳ್ಕೊಂಡಿರುತ್ತೆ, ಕೊಟ್ಟರೂ ಗರ್ಭಕೋಶ ಗಟ್ಟಿಯಾಗಲ್ಲ. ಎರಡನೇದು, ಹೆರಿಗೆಗೆ ಮುಂಚೆ "ನೋವು ಬರೋ ಇಂಜೆಕ್ಷನ್ ಹಾಕಿ" ಅಂತ ಮನೆಯವರು ಒತ್ತಾಯ ಮಾಡ್ತಾರೆ. ಕೂಸು ಹುಟ್ಟೋ ಮೊದಲು ಇದನ್ನ ಸ್ನಾಯುವಿಗೆ ಚುಚ್ಚಲೇಬಾರದು. ಗರ್ಭಕೋಶ ಹರಿಯಬಹುದು, ಕೂಸಿಗೆ ಉಸಿರು ಕಟ್ಟಬಹುದು. ಆಗ ಇಲ್ಲ ಅನ್ನೋ ಧೈರ್ಯ ನರ್ಸ್‌ಗೆ ಇರಬೇಕು, ಅವರ ಹಿಂದೆ ಡಾಕ್ಟರ್ ನಿಲ್ಲಬೇಕು.

ತುಂಗಾತೀರ
ರಕ್ತ ಜಾಸ್ತಿ ಹೋಯ್ತು ಅಂತ ತೀರ್ಮಾನ ಮಾಡೋದು ಹೇಗೆ? ಬಟ್ಟೆ ನೋಡಿ ಅಂದಾಜೇ?

ಮಲಪ್ರಭಾ
ಕಣ್ಣಳತಿ ಯಾವಾಗಲೂ ಕಡಿಮಿ ಹೇಳತೈತ್ರಿ. 500 ಎಂಎಲ್ ದಾಟಿದ್ರ ರಕ್ತಸ್ರಾವ ಅಂತ ಲೆಕ್ಕ, ಆದ್ರ ಬಟ್ಟಿ, ಹಾಸಿಗಿ ಹೀರಿದ್ದು ಲೆಕ್ಕಕ್ಕ ಬರಂಗಿಲ್ಲ. ಅದಕ್ಕ ಅಳತಿ ಗುರುತಿರೋ ಪ್ಲಾಸ್ಟಿಕ್ ಹಾಳಿ ಬಂದಾವು. ಸೊಂಟದ ಕೆಳಗ ಹಾಸಿದ್ರ ರಕ್ತ ಚೀಲದಾಗ ಕೂಡತೈತಿ, ಗೆರಿ ನೋಡಿ ಹೇಳಬಹುದು.

2023ರಾಗ ಇ-ಮೋಟಿವ್ ಅನ್ನೋ ಅಧ್ಯಯನ ಪ್ರಕಟ ಆತು. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾದ 80 ಆಸ್ಪತ್ರಿ. ಈ ಹಾಳಿಲೆ ಅಳದು, ದಾಟಿದ ಕೂಡ್ಲೆ ತಿಕ್ಕೋದು, ಆಕ್ಸಿಟೋಸಿನ್, ರಕ್ತ ನಿಲ್ಲಸೋ ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ ನರಕ್ಕ, ಐವಿ ದ್ರವ, ಹರದಿರೋ ಜಾಗ ಪರೀಕ್ಷಾ, ಎಲ್ಲಾ ಒಂದರ ಹಿಂದ ಒಂದು ಕಾಯದ ಮಾಡಿದ್ರು. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟಿ ಕೊಯ್ಯೋದು, ಸಾವು, ಈ ಮೂರೂ ಕೂಡಿಸಿದ ಲೆಕ್ಕ 60% ಇಳೀತು. ಹೊಸ ಔಷಧಿ ಒಂದೂ ಇಲ್ಲ. ಅಳದ್ರು, ಹೊತ್ತಿಗೆ ಸರಿಯಾಗಿ ಮಾಡಿದ್ರು, ಅಷ್ಟ.

ರಾತ್ರಿ ಡ್ಯೂಟಿ
ಬಿಪಿ ಬೀಳಲಿ ಅಂತ ಕಾಯಬೇಡಿ ಅನ್ನೋದೂ ಸೇರಿಸಿ. ಬಾಣಂತಿಯರಲ್ಲಿ ಬಿಪಿ ಕಡೆಯಲ್ಲಿ ಬೀಳುತ್ತೆ, ಮೊದಲು ಏರೋದು ನಾಡಿ. ನಾಡಿಯನ್ನ ಮೇಲಿನ ಬಿಪಿಯಿಂದ ಭಾಗಿಸಿ, 0.9 ಅಥವಾ ಮೇಲಿದ್ದರೆ ಅಪಾಯ. ನಾಡಿ 108, ಬಿಪಿ 110 ಅಂದರೆ ಎರಡೂ ಅಂಥಾ ಕೆಟ್ಟದಾಗಿ ಕಾಣಲ್ಲ, ಭಾಗಿಸಿದರೆ 0.98.

ಕರಾವಳಿ
ಫಿಟ್ಸ್ ಬಂದ ಗರ್ಭಿಣಿಯ ವಿಷಯ ಬಿಟ್ಟಿರಿ. ಬಿಪಿ ಏರಿ ಫಿಟ್ಸ್ ಬಂದರೆ ದೊಡ್ಡಾಸ್ಪತ್ರೆಗೆ ಸಾಗಿಸುವ ಮೊದಲೇ ಮ್ಯಾಗ್ನೀಸಿಯಂ ಸಲ್ಫೇಟ್ ಕೊಡಬೇಕು: 50% ಆಂಪೂಲ್, 2 ಎಂಎಲ್‌ನಲ್ಲಿ 1 ಗ್ರಾಂ. ಒಂದೊಂದು ಪೃಷ್ಠಕ್ಕೆ ಐದು ಆಂಪೂಲ್, ಒಟ್ಟು 10 ಗ್ರಾಂ, ಆಳವಾಗಿ ಸ್ನಾಯುವಿಗೆ. ಎಡ ಮಗ್ಗುಲಿಗೆ ಮಲಗಿಸಿ, ಬಾಯಿಗೆ ಚಮಚ ತುರುಕಬೇಡಿ. ಮುಂದಿನ ಡೋಸ್‌ಗೆ ಮುಂಚೆ ಮೂರು ನೋಡಬೇಕು: ಉಸಿರು ನಿಮಿಷಕ್ಕೆ 16ಕ್ಕಿಂತ ಕಡಿಮೆ ಇರಬಾರದು, ಮಂಡಿಯ ಪ್ರತಿವರ್ತನೆ ಇರಬೇಕು, ಮೂತ್ರ ಗಂಟೆಗೆ 30 ಎಂಎಲ್ ಆದರೂ ಬರುತ್ತಿರಬೇಕು. ಉಸಿರು ಇಳಿದರೆ ಕ್ಯಾಲ್ಸಿಯಂ ಗ್ಲುಕೊನೇಟ್ 10%, 10 ಎಂಎಲ್, ನಿಧಾನಕ್ಕೆ ನರಕ್ಕೆ. ಆ ಆಂಪೂಲ್ ಪಕ್ಕದಲ್ಲೇ ಇರಬೇಕು, ಸ್ಟೋರ್‌ನಲ್ಲಲ್ಲ.

ಯಾರ್ಕ್‌ಶೈರ್ ಕನ್ನಡತಿ
ರಾತ್ರಿ ಡ್ಯೂಟಿಯವರು ನಾಡಿಯ ಮಾತು ಎತ್ತಿದ್ದು ಒಳ್ಳೆಯದಾಯಿತು. ವಾರ್ಡಿನಲ್ಲಿ ಎಲ್ಲರೂ ಅಲಕ್ಷ್ಯ ಮಾಡುವ ಅಂಕಿ ಉಸಿರಾಟದ್ದು. ಚಾರ್ಟ್ ತೆಗೆದು ನೋಡಿ, ಇಪ್ಪತ್ತು ರೋಗಿಗಳಿಗೂ 18 ಅಥವಾ 20 ಅಂತಲೇ ಬರೆದಿರುತ್ತದೆ. ಎಣಿಸಿಲ್ಲ ಅಂತಲೇ ಅರ್ಥ. ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ರೋಗಿಗೆ ಗೊತ್ತಾದರೆ ಉಸಿರಿನ ಲಯ ಬದಲಾಗುತ್ತದೆ, ಆದ್ದರಿಂದ ನಾಡಿ ಹಿಡಿದಂತೆಯೇ ಇದ್ದು ಎದೆ ನೋಡಿ ಎಣಿಸುವುದು ರೂಢಿ.

ಇಲ್ಲಿ ಇಂಗ್ಲೆಂಡ್‌ನಲ್ಲಿ ನ್ಯೂಸ್-2 ಅನ್ನುವ ಅಂಕಪಟ್ಟಿ 2017ರಿಂದ ಇದೆ. ಉಸಿರು 12–20 ಇದ್ದರೆ ಸೊನ್ನೆ, 21–24ಕ್ಕೆ 2 ಅಂಕ, 25 ಅಥವಾ ಹೆಚ್ಚಾದರೆ 3. ಆಮ್ಲಜನಕ, ಬಿಪಿ, ನಾಡಿ, ಎಚ್ಚರ, ಜ್ವರ ಎಲ್ಲಕ್ಕೂ ಹೀಗೆ ಅಂಕ. ಒಟ್ಟು 5 ಆದರೆ ವೈದ್ಯರು ಬೇಗ ಬಂದು ನೋಡಲೇಬೇಕು, 7 ಆದರೆ ತುರ್ತು ತಂಡ. "ಯಾಕೋ ಸರಿ ಕಾಣ್ತಿಲ್ಲ ಡಾಕ್ಟ್ರೇ" ಅನ್ನುವ ಮಾತಿಗೆ ಒಂದು ಅಂಕಿ ಜೊತೆ ಸಿಕ್ಕಿದರೆ ರಾತ್ರಿ ಎರಡು ಗಂಟೆಗೂ ಫೋನ್ ಮಾಡಲು ನರ್ಸ್ ಹಿಂಜರಿಯುವುದಿಲ್ಲ.

ಲೆಕ್ಕಪತ್ರ
ನಲವತ್ತು ರೋಗಿಗಳಿಗೆ ಒಬ್ಬರು ಇರುವ ರಾತ್ರಿ ಪಾಳಿಯಲ್ಲಿ ಪೂರ್ತಿ ಒಂದು ನಿಮಿಷ ಉಸಿರು ಎಣಿಸುವುದು? ಬರೀ ಎಣಿಕೆಗೇ 40 ನಿಮಿಷ. ಇಂಗ್ಲೆಂಡ್ ಲೆಕ್ಕ ಇಲ್ಲಿ ನಡೆಯಲ್ಲ.

ವಾರ್ಡ್ ಪಾಳಿ
ಲೆಕ್ಕ ನಡೆಯಲ್ಲ ಅನ್ನೋದಕ್ಕಿಂತ ಜನ ಕೊಡಿ ಅನ್ನೋಣ. ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿಗೆ ನರ್ಸಿಂಗ್ ಕೌನ್ಸಿಲ್ ಮಾನದಂಡ 1:3 ಅಂತಾರೆ. ಓದಿದವರು ಮೂರು ರೋಗಿಗೆ ಒಬ್ಬ ನರ್ಸ್ ಅಂದ್ಕೊಳ್ತಾರೆ. ಅದು ಮೂರೂ ಪಾಳಿ ಸೇರಿಸಿದ ಲೆಕ್ಕ, ಒಂದು ಪಾಳಿಗೆ 1:9. ಅದರ ಮೇಲೆ ರಜೆಗೆ 30% ಹೆಚ್ಚು ಹುದ್ದೆ ಇರಬೇಕು. ಆ 30% ತುಂಬದೆ ಇದ್ದಾಗ ಯಾರಾದರೂ ಹೆರಿಗೆ ರಜೆ ಹೋದರೆ 9 ಅನ್ನೋದು 20 ಆಗುತ್ತೆ.

ಕ್ಯಾಲಿಫೋರ್ನಿಯಾದಲ್ಲಿ 1999ರಲ್ಲಿ ಕಾಯ್ದೆ ಮಾಡಿ 2004ರಿಂದ ಜಾರಿಗೆ ತಂದರು. ಈಗ ಸಾಮಾನ್ಯ ವಾರ್ಡಿನಲ್ಲಿ ಪ್ರತಿ ಪಾಳಿಯಲ್ಲೂ ಒಬ್ಬರಿಗೆ ಐದು ರೋಗಿ, ಮೀರುವಂತಿಲ್ಲ. 2002ರಲ್ಲಿ ಲಿಂಡಾ ಏಕೆನ್ ತಂಡ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಶಸ್ತ್ರಚಿಕಿತ್ಸೆ ರೋಗಿಗಳನ್ನು ಲೆಕ್ಕ ಹಾಕಿತ್ತು. ನರ್ಸ್ ಪಾಲಿಗೆ ಒಬ್ಬ ರೋಗಿ ಹೆಚ್ಚಿದಂತೆಲ್ಲ 30 ದಿನದೊಳಗೆ ಸಾಯುವ ಸಂಭವ 7% ಏರುತ್ತಿತ್ತು. ಗೋಡೆಪತ್ರಿಕೆಯಲ್ಲಿ ಇದನ್ನ ದೊಡ್ಡಕ್ಷರದಲ್ಲಿ ಹಾಕಿ ಸರ್.

ಲೆಕ್ಕಪತ್ರ
ಆ 1:9 ಗೊತ್ತಿರಲಿಲ್ಲ, ತಿಳಿಸಿದ್ದು ಒಳ್ಳೆಯದಾಯಿತು. ಆದರೂ ಹುದ್ದೆ ತುಂಬುವವರೆಗೆ ಇರುವ ಜನ ಏನು ಮಾಡಬೇಕು?

ಯಾರ್ಕ್‌ಶೈರ್ ಕನ್ನಡತಿ
ಎಲ್ಲರನ್ನೂ ಒಂದೇ ಅಂತರದಲ್ಲಿ ನೋಡಬೇಕಿಲ್ಲ. ಅಂಕ ಸೊನ್ನೆ ಬಂದವರಿಗೆ 12 ಗಂಟೆಗೊಮ್ಮೆ ಸಾಕು. 5 ಅಥವಾ ಹೆಚ್ಚು ಬಂದವರಿಗೆ ಗಂಟೆಗೊಮ್ಮೆಯಾದರೂ ಬೇಕು. ನಲವತ್ತರಲ್ಲಿ ಯಾರ ಹಾಸಿಗೆ ಪಕ್ಕ ಮೊದಲು ನಿಲ್ಲಬೇಕು ಅಂತ ಆ ಅಂಕಿ ಹೇಳುತ್ತದೆ. ಜನ ಕಡಿಮೆ ಇರುವ ಕಡೆಯೇ ಇದು ಹೆಚ್ಚು ಬೇಕು.

ರಾತ್ರಿ ಡ್ಯೂಟಿ
ಇನ್ಸುಲಿನ್ ಬಗ್ಗೆ ಬರೀಬೇಕು, ಇದು ಮನೆಯಲ್ಲಿ ಚುಚ್ಚಿಕೊಳ್ಳೋರಿಗೂ ಬೇಕಾದ್ದು. ನಮ್ಮಲ್ಲಿ ವಯಲ್ ಎರಡು ಥರ: ಎಂಎಲ್‌ಗೆ 40 ಯೂನಿಟ್, ಎಂಎಲ್‌ಗೆ 100 ಯೂನಿಟ್. ಸಿರಿಂಜೂ ಎರಡು: ಕೆಂಪು ಮುಚ್ಚಳದ್ದು 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. ಅದಲು ಬದಲಾದರೆ ನೋಡಿ. 100ರ ವಯಲಿಂದ ಕೆಂಪು ಸಿರಿಂಜಲ್ಲಿ 20ರ ಗೆರೆಗೆ ಎಳೆದರೆ ಅದು ಅರ್ಧ ಎಂಎಲ್, ಒಳಗೆ ಹೋಗೋದು 50 ಯೂನಿಟ್. ಶುಗರ್ ಕುಸಿದು ಜೀವಕ್ಕೇ ಅಪಾಯ. ತಿರುಗಾ ಮುರುಗಾ ಆದರೆ 20ರ ಬದಲು 8 ಯೂನಿಟ್ ಹೋಗುತ್ತೆ, "ಔಷಧಿ ಕೆಲಸ ಮಾಡ್ತಿಲ್ಲ" ಅಂತ ಡೋಸ್ ಏರಿಸ್ತಾರೆ, ಆಮೇಲೊಂದು ದಿನ ಸರಿಯಾದ ಸಿರಿಂಜ್ ಸಿಕ್ಕಾಗ ಅನಾಹುತ.

ಡಿಸ್ಚಾರ್ಜ್ ದಿನ ನರ್ಸ್ ಐದು ನಿಮಿಷ ಕೂತು ವಯಲ್, ಸಿರಿಂಜ್ ಎರಡನ್ನೂ ಕೈಗೆ ಕೊಟ್ಟು, ಮನೆಯವರಿಂದಲೇ ಎಳೆಸಿ ನೋಡಬೇಕು. "ಅರ್ಥ ಆಯ್ತಾ?" ಅಂದರೆ ಎಲ್ಲರೂ ಹೂಂ ಅಂತಾರೆ.

ಅಡಿಕೆ ತೋಟ
ಹಾಸಿಗೆ ಹಿಡಿದವರಿಗೆ ಹುಣ್ಣಾಗೋದಕ್ಕೆ ಗಾಳಿ ಹಾಸಿಗೆ ತಂದರೆ ಸಾಕಾ? ಮೆಡಿಕಲ್ ಶಾಪಲ್ಲಿ ಹಾಗಂತಾರೆ.

ವಾರ್ಡ್ ಪಾಳಿ
ಸಾಲದು. ಗಾಳಿ ಹಾಸಿಗೆ ಸಹಾಯ ಮಾಡುತ್ತೆ, ಆದರೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸೋ ಕೆಲಸ ಅದರಿಂದ ತಪ್ಪಲ್ಲ. ಪೂರ್ತಿ ಪಕ್ಕಕ್ಕೆ ತಿರುಗಿಸಿದರೆ ಸೊಂಟದ ಎಲುಬಿನ ಮೇಲೆ ಭಾರ ಬೀಳುತ್ತೆ, ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿ ವಾಲಿಸಿದರೆ ಸಾಕು. ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬು. ಕೆಂಪಾದ ಜಾಗ ಬೆರಳಲ್ಲಿ ಒತ್ತಿದಾಗ ಬಿಳಿಚಿಕೊಳ್ಳದಿದ್ದರೆ ಹುಣ್ಣು ಶುರುವಾಗಿದೆ ಅಂತ ಅರ್ಥ. ಅಲ್ಲಿ ಎಣ್ಣೆ ಹಾಕಿ ತಿಕ್ಕಬೇಡಿ, ಒಳಗಿನ ಮಾಂಸ ಇನ್ನಷ್ಟು ಹರಿಯುತ್ತೆ. ಉಂಗುರದಂಥ ದಿಂಬೂ ಬೇಡ, ಸುತ್ತಲಿನ ರಕ್ತ ಓಡಾಟ ನಿಲ್ಲಿಸುತ್ತೆ.

ಕರಾವಳಿ
ತಲೆ ಭಾಗ ಎತ್ತರಿಸಿ ಮಲಗಿಸಿದರೆ ಬೆನ್ನಿನ ಕೆಳಗೆ ಚರ್ಮ ಜಾರಿ ಹುಣ್ಣಾಗುತ್ತದೆ. ಸಪಾಟಾಗಿ ಮಲಗಿಸುವುದೇ ಒಳ್ಳೆಯದು.

ರಾತ್ರಿ ಡ್ಯೂಟಿ
ಮೂಗಿನ ಟ್ಯೂಬಲ್ಲಿ ಊಟ ಹೋಗುವವರಿಗೆ ಸಪಾಟಾಗಿ ಮಲಗಿಸಿದರೆ ಊಟ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗುತ್ತೆ. ಊಟ ಕೊಡುವಾಗ ಮತ್ತು ಆಮೇಲೆ ಒಂದು ಗಂಟೆ 30ರಿಂದ 45 ಡಿಗ್ರಿ ಎತ್ತರ ಬೇಕೇ ಬೇಕು. ಉಳಿದ ಹೊತ್ತಲ್ಲಿ 30ರೊಳಗೆ ಇಳಿಸಿ, ಮಂಡಿ ಕೆಳಗೆ ಸ್ವಲ್ಪ ಎತ್ತಿ, ಜಾರಲ್ಲ.

ಟ್ಯೂಬ್ ಹೊಟ್ಟೇಲಿದೆಯಾ ಅಂತ ಗಾಳಿ ಊದಿ ಸ್ಟೆತಸ್ಕೋಪಲ್ಲಿ ಗುಳುಗುಳು ಕೇಳೋ ಪದ್ಧತಿ ನಂಬೋ ಹಾಗಿಲ್ಲ. ಶ್ವಾಸಕೋಶದಲ್ಲಿದ್ದರೂ ಸದ್ದು ಬರುತ್ತೆ. ಎಳೆದ ದ್ರವ ಪಿಎಚ್ ಕಾಗದದಲ್ಲಿ 5.5 ಅಥವಾ ಕೆಳಗಿರಬೇಕು, ಅನುಮಾನ ಇದ್ದರೆ ಎಕ್ಸ್‌ರೇ. ಮೂಗಿನ ಹತ್ತಿರ ಟ್ಯೂಬ್ ಮೇಲಿನ ಗುರುತು ಪ್ರತಿ ಊಟಕ್ಕೂ ನೋಡಬೇಕು.

ಕರಾವಳಿ
ಒಪ್ಪಿದೆ, ಟ್ಯೂಬ್ ಇಲ್ಲದವರಿಗೆ ಮಾತ್ರ ನನ್ನ ಮಾತು ಅನ್ವಯ.

ವಿಷಯ ಸ್ವಲ್ಪ ಆಚೆ ಹೋಗುತ್ತದೆ, ಆದರೂ ಹೇಳುತ್ತೇನೆ. ನಮ್ಮ ಹೊನ್ನಾವರದ ಹಳದೀಪುರದ ಅರುಣಾ ಶಾನಭಾಗ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್‌ನಲ್ಲಿ ಹಲ್ಲೆಗೊಳಗಾದ ಮೇಲೆ 2015ರ ಮೇ ವರೆಗೆ ಅದೇ ಆಸ್ಪತ್ರೆಯಲ್ಲಿ ಹಾಸಿಗೆಯಲ್ಲೇ ಇದ್ದರು. 2011ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲೇ ಬರೆದಿದ್ದಾರೆ: ಅಷ್ಟು ವರ್ಷ ಮಲಗಿದ್ದರೂ ಮೈಮೇಲೆ ಒಂದೇ ಒಂದು ಹಾಸಿಗೆ ಹುಣ್ಣಿಲ್ಲ ಎಂದು. ತಲೆಮಾರುಗಳ ನರ್ಸ್‌ಗಳು ಪಾಳಿ ಪಾಳಿಯಾಗಿ ಮಗ್ಗುಲು ತಿರುಗಿಸಿ, ಒರೆಸಿ, ಉಣಿಸಿದ್ದಕ್ಕೆ ಅದಕ್ಕಿಂತ ದೊಡ್ಡ ದಾಖಲೆ ಬೇಕೇ?

ತುಂಗಾತೀರ
ಇದು ಆಚೆ ಹೋದದ್ದಲ್ಲ ಸರ್, ಖಂಡಿತ ಹಾಕುತ್ತೇವೆ. ಹಳ್ಳಿ ಕಡೆ ಬಿಪಿ, ಶುಗರ್ ವಿಷಯ ಯಾರಾದರೂ ಹೇಳುತ್ತೀರಾ? ಆಶಾ, ಎಎನ್‌ಎಂ, ಸಿಎಚ್‌ಒ ಯಾರು ಏನು ಅನ್ನುವುದೂ ಗೊಂದಲ.

ಉಪಕೇಂದ್ರದ ಕಟ್ಟೆ
ಆಶಾ ನರ್ಸ್ ಅಲ್ಲ. ಊರಿನವರೇ, ಮನೆಮನೆಗೆ ಹೋಗಿ ಗುರುತಿಸಿ ಕರೆತರುವವರು. ಬಯಲುಸೀಮೆಯಲ್ಲಿ ಸುಮಾರು 5,000, ಗುಡ್ಡಗಾಡಲ್ಲಿ 3,000 ಜನಕ್ಕೆ ಒಂದು ಉಪಕೇಂದ್ರ. ಅಲ್ಲಿ ಲಸಿಕೆ, ಗರ್ಭಿಣಿ-ಬಾಣಂತಿ ಆರೈಕೆಗೆ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ, ಅಂದರೆ ಎಎನ್‌ಎಂ, ನಮ್ಮಲ್ಲಿ ಪಿಎಚ್‌ಸಿಒ ಅನ್ನೋದು. ಸಿಎಚ್‌ಒ ಅಂದರೆ ಸಮುದಾಯ ಆರೋಗ್ಯ ಅಧಿಕಾರಿ, ಹೆಚ್ಚಾಗಿ ಬಿಎಸ್ಸಿ ನರ್ಸಿಂಗ್ ಓದಿದವರು, ಬಿಪಿ-ಶುಗರ್ ತಪಾಸಣೆ, ಸಣ್ಣ ಕಾಯಿಲೆ ಅವರದು.

ಬಿಪಿ ನೋಡೋದರಲ್ಲೇ ಅರ್ಧ ತಪ್ಪು ನಡೆಯುತ್ತೆ. ಬಿಸಿಲಲ್ಲಿ ನಡೆದು ಬಂದವರನ್ನ ಕೂಡಲೇ ನೋಡಬಾರದು, ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಕೂರಿಸಬೇಕು. ಕಾಲು ನೆಲಕ್ಕೆ ತಾಗಿರಬೇಕು, ಕಾಲ ಮೇಲೆ ಕಾಲು ಬೇಡ. ತೋಳು ಮೇಜಿನ ಮೇಲೆ, ಎದೆ ಮಟ್ಟಕ್ಕೆ. ಪಟ್ಟಿ ಬರಿ ತೋಳಿಗೆ, ರವಿಕೆ ಮೇಲಲ್ಲ. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಬಿಪಿ ಜಾಸ್ತಿ ತೋರಿಸುತ್ತೆ. ಕಾಫಿ, ಬೀಡಿ ಆಗಿ ಅರ್ಧ ಗಂಟೆ ಕಳೆದಿರಬೇಕು. ನೋಡುವಾಗ ಮಾತಾಡಿಸಬಾರದು. ಒಂದೆರಡು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಬೇಕು. 140/90 ಆಸುಪಾಸಿನವರಿಗೆ ಈ ಹೆಜ್ಜೆಗಳಿಂದಲೇ ರೋಗಿ ಹೌದೋ ಅಲ್ಲವೋ ತೀರ್ಮಾನ ಆಗುತ್ತೆ.

ಪತ್ತೆ ಹಚ್ಚೋದು ಸುಲಭ, ಮಾತ್ರೆ ಬಿಡದಂತೆ ಹಿಡಿಯೋದು ಕಷ್ಟ. ಬಿಪಿ ಮಾತ್ರೆ ಆಮ್ಲೊಡಿಪಿನ್ 5 ಎಂಜಿ ಶುರು ಮಾಡಿದ ಮೇಲೆ ಕೆಲವರಿಗೆ ಪಾದ ಊದುತ್ತೆ, ಹೇಳದೇ ಬಿಟ್ಟುಬಿಡ್ತಾರೆ. ಕೆಲವರು ಬಿಪಿ ಇಳಿದ ಕೂಡಲೇ "ವಾಸಿ ಆಯ್ತು" ಅಂತ ಬಿಡ್ತಾರೆ. ತಿಂಗಳಿಗಾಗುವಷ್ಟು ಮಾತ್ರೆ ಒಟ್ಟಿಗೆ ಕೊಟ್ಟು, ಮುಂದಿನ ತಿಂಗಳು ಬಾರದವರ ಪಟ್ಟಿ ಆಶಾ ಕೈಗೆ ಕೊಟ್ಟು, ಫೋನ್ ಮಾಡಬೇಕು.

ಲೆಕ್ಕಪತ್ರ
ಆ ಫೋನ್ ಮಾಡೋಕೆ ಹೊತ್ತೆಲ್ಲಿದೆ? ಒಬ್ಬಳೇ ಗರ್ಭಿಣಿಯ ಹೆಸರು ತಾಯಿ ಕಾರ್ಡು, ತಾಯಿ-ಮಕ್ಕಳ ಆರೋಗ್ಯದ ಆರ್‌ಸಿಎಚ್ ರಿಜಿಸ್ಟರ್, ಅದರ ಆ್ಯಪ್ ಮೂರಕ್ಕೂ ಹೋಗಬೇಕು. ಕೂಸು ಹುಟ್ಟಿದ ಮೇಲೆ ಲಸಿಕೆಗೆ ಯು-ವಿನ್ ಪೋರ್ಟಲ್. ಕ್ಷಯಕ್ಕೆ ನಿಕ್ಷಯ್, ಬಿಪಿಗೆ ಎನ್‌ಸಿಡಿ ಪೋರ್ಟಲ್. ನೆಟ್‌ವರ್ಕ್ ಇಲ್ಲದ ಊರಲ್ಲಿ ಮೊದಲು ಕಾಗದಕ್ಕೆ ಬರೆದು, ರಾತ್ರಿ ಮನೆಯಲ್ಲಿ ಮೊಬೈಲಿಗೆ ತುಂಬಬೇಕು. ನರ್ಸ್ ಬಗ್ಗೆ ಅಭಿಮಾನ ಇರುವವರು ಮೊದಲು ಈ ನಕಲು ಬರವಣಿಗೆ ನಿಲ್ಲಿಸಿ ಅಂತ ಕೇಳಬೇಕು.

ಮಲಪ್ರಭಾ
ಈ ಮಾತಿಗೆ ನಂದು ಪೂರಾ ಒಪ್ಪಿಗಿ ಐತ್ರಿ ಸರ.

ಕೆಂಪು ಮಾತ್ರೆ
ರಕ್ತಹೀನತೆ ಬಿಟ್ಟು ಗೋಡೆಪತ್ರಿಕೆ ಮುಗಿಸಬೇಡಿ. ಗರ್ಭಿಣಿಗೆ ಕಬ್ಬಿಣದ ಮಾತ್ರೆ ದಿನಕ್ಕೊಂದು: 60 ಎಂಜಿ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್, ಕನಿಷ್ಠ 180 ದಿನ. ಹೆರಿಗೆಯಾದ ಮೇಲೂ 180 ದಿನ. ಮಾತ್ರೆ ಎಲ್ಲರಿಗೂ ಸಿಗುತ್ತದೆ, ನುಂಗುವವರು ಕಡಿಮೆ. ವಾಕರಿಕೆ ಬರುತ್ತದೆ, ಮಲ ಕಪ್ಪಾಗುತ್ತದೆ, ಕೂಸು ಕಪ್ಪಾಗುತ್ತದೆ ಅಂತ ಅತ್ತೆ ಹೇಳುತ್ತಾರೆ. ಮಲ ಕಪ್ಪಾಗುವುದು ಸಹಜ ಅಂತ ಮೊದಲ ದಿನವೇ ಹೇಳಬೇಕು, ಅತ್ತೆಯನ್ನು ಕೂರಿಸಿಕೊಂಡೇ ಹೇಳಬೇಕು. ವಾಕರಿಕೆ ಇದ್ದರೆ ರಾತ್ರಿ ಊಟ ಆದ ಮೇಲೆ. ಕಾಫಿ, ಟೀ, ಹಾಲಿನ ಜೊತೆ ಬೇಡ, ನಿಂಬೆಹಣ್ಣಿನ ನೀರಿನ ಜೊತೆ ಒಳ್ಳೆಯದು. ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ಎರಡು ಗಂಟೆ ಅಂತರ ಇರಲಿ, ಒಟ್ಟಿಗೆ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ.

ಹಿಮೋಗ್ಲೋಬಿನ್ ನೋಡುವಾಗ ಬೆರಳು ಹಿಂಡಬಾರದು. ಹಿಂಡಿದರೆ ರಕ್ತದ ಜೊತೆ ನೀರಿನಂಶ ಸೇರಿ ಅಂಕಿ ಕಡಿಮೆ ಬರುತ್ತದೆ. ಮೊದಲ ಹನಿ ಒರೆಸಿ ಮುಂದಿನದನ್ನು ತೆಗೆದುಕೊಳ್ಳಬೇಕು. 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, 7ಕ್ಕಿಂತ ಕೆಳಗಿಳಿದರೆ ತೀವ್ರ, ಮನೆಯಲ್ಲಿ ಇಟ್ಟುಕೊಳ್ಳುವ ಮಾತೇ ಇಲ್ಲ.

ಥರ್ಮಾಮೀಟರ್
ಕ್ಷಯಕ್ಕೂ ಒಂದು ಸಾಲು. ಕಫ ಪರೀಕ್ಷೆಗೆ ಎಂಜಲು ಕೊಟ್ಟರೆ ರೋಗ ಇದ್ದರೂ ಇಲ್ಲ ಅಂತ ಬರುತ್ತದೆ. ಬಾಯಿ ಮುಕ್ಕಳಿಸಿ, ಎರಡು ಮೂರು ಸಲ ಆಳವಾಗಿ ಉಸಿರೆಳೆದು, ಎದೆಯಾಳದಿಂದ ಕೆಮ್ಮಿ ತೆಗೆಯಬೇಕು. ಬಯಲಲ್ಲಿ, ಜನ ಇಲ್ಲದ ಕಡೆ. ಒಂದು ಆಗಲೇ, ಇನ್ನೊಂದು ಮರುದಿನ ಬೆಳಗ್ಗೆ ಎದ್ದ ಕೂಡಲೇ. ಡಬ್ಬಿ ಕೈಗೆ ಕೊಡುವಾಗ ಮಾಡಿ ತೋರಿಸಿದ್ದರೆ ಸರಿಯಾದ ಕಫ ಬರುತ್ತದೆ.

ತುಂಗಾತೀರ
ಇಷ್ಟು ಸಿಗುತ್ತೆ ಅಂದುಕೊಂಡಿರಲಿಲ್ಲ. ಒಂದೇ ಹಾಳೆಗೆ ಹಿಡಿಯಲ್ಲ, ನಾಲ್ಕು ಮಾಡುತ್ತೇವೆ: ಲಸಿಕೆ, ಹೆರಿಗೆ ಕೋಣೆ, ವಾರ್ಡ್, ಉಪಕೇಂದ್ರ. ಉಪಕೇಂದ್ರದ ಹಾಳೆಗೆ ಮಕ್ಕಳ ಭೇದಿಯ ಬಗ್ಗೆ ಹೀಗೆ ಬರೆದಿದ್ದೇನೆ, ತಪ್ಪಿದ್ದರೆ ತಿದ್ದಿ: "ಒಆರ್‌ಎಸ್ ಪೊಟ್ಟಣವನ್ನು ಒಂದು ಲೋಟ ನೀರಿಗೆ ಬೆರೆಸಿ ಕುಡಿಸಿ. ಭೇದಿ ನಿಲ್ಲುವವರೆಗೆ ಜಿಂಕ್ ಮಾತ್ರೆ ಕೊಡಿ."

ಉಪಕೇಂದ್ರದ ಕಟ್ಟೆ
ಎರಡೂ ತಿದ್ದಬೇಕು ಸರ್. ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರ್ ಕುಡಿಯುವ ನೀರಿಗೆ. ಲೋಟಕ್ಕೆ ಹಾಕಿದರೆ ಉಪ್ಪು ವಿಪರೀತವಾಗಿ ಕೂಸಿಗೆ ಅಪಾಯ. 200 ಎಂಎಲ್‌ಗೆ ಬೇರೆ ಸಣ್ಣ ಪೊಟ್ಟಣ ಬರುತ್ತೆ, ಅದರ ಮೇಲೆ ಬರೆದಿರುತ್ತೆ, ಓದಿ ಬೆರೆಸಿ ಅಂತ ಸೇರಿಸಿ. ಬೆರೆಸಿದ್ದು 24 ಗಂಟೆ ಮಾತ್ರ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿ ಆದಮೇಲೆ 50ರಿಂದ 100 ಎಂಎಲ್, ಚಮಚದಲ್ಲಿ ಸ್ವಲ್ಪ ಸ್ವಲ್ಪ. ವಾಂತಿ ಆದರೆ ಹತ್ತು ನಿಮಿಷ ಬಿಟ್ಟು ಮತ್ತೆ ಶುರು ಮಾಡಿ. ಎದೆಹಾಲು ನಿಲ್ಲಿಸಬೇಡಿ.

ಕೆಂಪು ಮಾತ್ರೆ
ಜಿಂಕ್ ಭೇದಿ ನಿಂತ ಮೇಲೂ ಕೊಡಬೇಕು, ಒಟ್ಟು 14 ದಿನ. 2ರಿಂದ 6 ತಿಂಗಳ ಕೂಸಿಗೆ ದಿನಕ್ಕೆ 10 ಎಂಜಿ, ಅಂದರೆ 20 ಎಂಜಿ ಮಾತ್ರೆಯ ಅರ್ಧ. ಆಮೇಲಿನವರಿಗೆ ಇಡೀ ಮಾತ್ರೆ. ಚಮಚದಲ್ಲಿ ಎದೆಹಾಲು ಅಥವಾ ನೀರು ಹಾಕಿ ಕರಗಿಸಿ ಕುಡಿಸಬಹುದು.

ತುಂಗಾತೀರ
ತಿದ್ದಿದೆ. ಹೆರಿಗೆ ಕೋಣೆಯ ಹಾಳೆ ನಾಳೆ ಇಲ್ಲೇ ಹಾಕುತ್ತೇನೆ, @ಮಲಪ್ರಭಾ ಅಕ್ಕ ಒಮ್ಮೆ ನೋಡಿಕೊಡಿ.

ಮಲಪ್ರಭಾ
ಹಾಕ್ರಿ, ನೋಡತೀನಿ. ಮೂತ್ರಚೀಲದ್ದು ಬಿಡಬ್ಯಾಡ್ರಿ.